ಲಕ್ಷಗಟ್ಟಲೆ ದುಡಿದ ಹುಡುಗನ ಖಾತೆಯಲ್ಲಿ ಏನೂ ಇರಲಿಲ್ಲ: ಚಾಪ್ಲಿನ್ ಜೊತೆಗಾರ ಜಾಕಿ ಕೂಗನ್ ಕಥೆ

ಹರಿದ ಪ್ಯಾಂಟು, ತಲೆಗಿಂತ ದೊಡ್ಡ ಟೋಪಿ ಹಾಕಿಕೊಂಡು ಚಾರ್ಲಿ ಚಾಪ್ಲಿನ್ ಪಕ್ಕ ಕೂತ ಪುಟ್ಟ ಹುಡುಗನ ಫೋಟೋ ಎಲ್ಲಾದರೂ ನೋಡಿಯೇ ಇರುತ್ತೀರಿ. ಚಾಪ್ಲಿನ್ ಎಲ್ಲರಿಗೂ ಗೊತ್ತು. ಹುಡುಗನ ಹೆಸರು ಕೇಳಿದರೆ ಹೇಳುವವರು ಕಡಿಮೆ. ಅವನೇ ಜಾಕಿ ಕೂಗನ್.

ಹುಟ್ಟಿದ್ದು 1914ರ ಅಕ್ಟೋಬರ್ 26, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ತಂದೆ ಊರೂರು ಸುತ್ತಿ ಸ್ಟೇಜ್ ಮೇಲೆ ಕುಣಿದು ನಗಿಸುತ್ತಿದ್ದ ಕಲಾವಿದ. 1919ರಲ್ಲಿ ಅಪ್ಪನ ಜೊತೆ ಸ್ಟೇಜ್ ಹತ್ತಿ ಕುಣಿದ ಈ ಪೋರ ಚಾಪ್ಲಿನ್ ಕಣ್ಣಿಗೆ ಬಿದ್ದ. ಮೊದಲು ಒಂದು ಚಿಕ್ಕ ಪಾತ್ರ, ಆಮೇಲೆ 1921ರಲ್ಲಿ 'ದಿ ಕಿಡ್'.

ಮೂಕಿ ಚಿತ್ರ, ಮಾತೇ ಇಲ್ಲ. ಎಲ್ಲವನ್ನೂ ಮುಖದಲ್ಲೇ ಹೇಳಬೇಕು. ಹುಡುಗ ಬೀದಿಯಲ್ಲಿ ಕಲ್ಲು ಹೊಡೆದು ಕಿಟಕಿ ಗಾಜು ಒಡೀತಾನೆ, ಹಿಂದೆಯೇ ಚಾಪ್ಲಿನ್ ಬೆನ್ನ ಮೇಲೆ ಗಾಜು ಹೊತ್ತು ರಿಪೇರಿಗೆ ಬರ್ತಾನೆ. ಈ ವ್ಯಾಪಾರ ನೋಡಿ ನಗದವರಿಲ್ಲ. ಅದೇ ಹುಡುಗನನ್ನು ಅನಾಥಾಶ್ರಮದವರು ಲಾರಿಗೆ ಹಾಕಿಕೊಂಡು ಹೋಗುವಾಗ ಅವನು ಕೈಚಾಚಿ ಅಳೋದನ್ನು ನೋಡಿದರೆ ಈಗಲೂ ಕಣ್ಣು ಒದ್ದೆಯಾಗುತ್ತೆ. ಆ ಅಳು ಬಂದದ್ದು ಹೇಗೆ ಅಂತ ಚಾಪ್ಲಿನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಅಳದಿದ್ದರೆ ನಿಜವಾಗಿಯೂ ಅನಾಥರಿರುವ ಕಡೆ ಕಳಿಸಿಬಿಡ್ತಾರೆ ಅಂತ ಅಪ್ಪನೇ ಹೆದರಿಸಿದ್ದನಂತೆ! ಕ್ಯಾಮೆರಾದಲ್ಲಿ ಸೆರೆಯಾದದ್ದು ನಟನೆಯಲ್ಲ, ಮಗುವಿನ ನಿಜವಾದ ಭಯ.

ಅಲ್ಲಿಂದ ಹುಡುಗ ತಿರುಗಿ ನೋಡಲಿಲ್ಲ. 1922ರಲ್ಲಿ 'ಆಲಿವರ್ ಟ್ವಿಸ್ಟ್', ಆಮೇಲೆ ಸಾಲುಸಾಲು ಚಿತ್ರ. ಅಂಗಡಿಗಳಲ್ಲೂ ಅವನದ್ದೇ ಹವಾ: ಜಾಕಿ ಗೊಂಬೆ, ಜಾಕಿ ಪೀಪಿ, ಶಾಲೆ ಮಕ್ಕಳ ಸಾಮಾನು, ಕಡಲೆಬೀಜದ ಬೆಣ್ಣೆಯ ಡಬ್ಬಿ ಮೇಲೂ ಜಾಕಿ. 1924ರಲ್ಲಿ ಯುದ್ಧದಿಂದ ಅನಾಥರಾದ ಮಕ್ಕಳಿಗಾಗಿ ಅಮೆರಿಕ, ಯುರೋಪ್ ಸುತ್ತಿ ಹತ್ತು ಲಕ್ಷ ಡಾಲರ್‌ಗೂ ಮಿಗಿಲಾದ ನೆರವು ಒಟ್ಟು ಮಾಡಿಸಿದ. ಬೆಳೆಯುತ್ತಾ ಬಂದಂತೆ ಅವಕಾಶ ಇಳೀತು, ಅದು ಎಲ್ಲ ಬಾಲನಟರ ಹಣೆಬರಹ.

ಮನೆಯಲ್ಲಿ ಅವನಿಗೆ ಸಿಗುತ್ತಿದ್ದದ್ದು ವಾರಕ್ಕೆ 6 ಡಾಲರ್ ಚಿಲ್ಲರೆ ಕೈಖರ್ಚು. ಉಳಿದ ದುಡ್ಡು ಅಪ್ಪನ ಉಸ್ತುವಾರಿಯಲ್ಲಿ ಭದ್ರವಾಗಿದೆ ಅಂತ ಹುಡುಗ ನಂಬಿದ್ದ.

1935ರ ಮೇ ತಿಂಗಳು. ಬೇಟೆ ಮುಗಿಸಿ ಮೆಕ್ಸಿಕೋದಿಂದ ವಾಪಸ್ ಬರುವಾಗ ಕಾರು ಉರುಳಿತು. ಅಪ್ಪನೂ ಸೇರಿ ನಾಲ್ವರು ಹೋದರು. ಬದುಕಿದ್ದು ಜಾಕಿ ಒಬ್ಬನೇ. ಕೆಲವೇ ತಿಂಗಳಲ್ಲಿ 21 ತುಂಬಿ ದುಡ್ಡಿನ ಲೆಕ್ಕ ಕೇಳಿದರೆ, ಕೊಡೋಕೆ ಏನೂ ಇಲ್ಲ ಅನ್ನೋ ಉತ್ತರ ಬಂತು. ಅಷ್ಟರಲ್ಲಿ ತಾಯಿ, ಕುಟುಂಬದ ಹಣಕಾಸು ನೋಡಿಕೊಳ್ಳುತ್ತಿದ್ದ ಆರ್ಥರ್ ಬರ್ನ್‌ಸ್ಟೀನ್‌ನನ್ನು ಮದುವೆಯಾದಳು. ಒಡವೆ, ತುಪ್ಪಳದ ಕೋಟು, ಕಾರು ಅಂತ ಹಣ ಖಾಲಿಯಾಗುತ್ತಾ ಹೋಗಿತ್ತು.

1938ರಲ್ಲಿ ಜಾಕಿ ಹೆತ್ತ ತಾಯಿಯ ಮೇಲೇ ಕೇಸು ಹಾಕಿದರು. ದುಡಿದದ್ದು 30ರಿಂದ 40 ಲಕ್ಷ ಡಾಲರ್ ಅನ್ನೋ ಅಂದಾಜು. ಆದರೆ ಆಗಿನ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಅಪ್ರಾಪ್ತ ಮಗು ದುಡಿದದ್ದೆಲ್ಲ ಹೆತ್ತವರದ್ದು! ತಾಯಿಯ ವಾದವೂ ಅದೇ. ಕೊನೆಗೆ ಜಾಕಿ ಕೈಗೆ ಬಂದದ್ದು 1,26,000 ಡಾಲರ್. ಕಷ್ಟದ ದಿನಗಳಲ್ಲಿ ಹೋಗಿ ಕೇಳಿದಾಗ ಚಾಪ್ಲಿನ್ ಹಿಂದೆಮುಂದೆ ನೋಡದೆ 1,000 ಡಾಲರ್ ಕೊಟ್ಟರು.

ಕೇಸಿನ ಗದ್ದಲದಿಂದ ಸರ್ಕಾರ ಎಚ್ಚೆತ್ತು 1939ರಲ್ಲಿ ಹೊಸ ಕಾನೂನು ತಂತು. ಬಾಲನಟರ ಸಂಪಾದನೆಯಲ್ಲಿ ಒಂದು ಪಾಲು ಅವರ ಹೆಸರಲ್ಲೇ ಇಡಬೇಕು. ಜನ ಕರೆದದ್ದು 'ಕೂಗನ್ ಕಾಯ್ದೆ' ಅಂತ. ಕೂಗನ್‌ಗೆ ಮಾತ್ರ ಅದರಿಂದ ಬಿಡಿಗಾಸೂ ಸಿಗಲಿಲ್ಲ.

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿ ಗ್ಲೈಡರ್ ಪೈಲಟ್ ಆದರು. ಎಂಜಿನ್ ಇಲ್ಲದ ವಿಮಾನ, ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆಯಬೇಕು. 1944ರ ಮಾರ್ಚ್‌ನಲ್ಲಿ ಅಸ್ಸಾಂ ಕಡೆಯಿಂದ ಹಾರಿ, ರಾತ್ರಿ ಕತ್ತಲಲ್ಲಿ ಬರ್ಮಾದ ಕಾಡಿನ ಮಧ್ಯೆ, ಜಪಾನೀಯರ ಬೆನ್ನ ಹಿಂದೆ ಸೈನಿಕರನ್ನು ಇಳಿಸಿದ ತಂಡದಲ್ಲಿ ಇವರೂ ಒಬ್ಬರು.

ಯುದ್ಧದ ನಂತರ ಸಣ್ಣಪುಟ್ಟ ಪಾತ್ರಗಳು. 1964ರಲ್ಲಿ 'ದಿ ಆಡಮ್ಸ್ ಫ್ಯಾಮಿಲಿ' ಟಿವಿ ಧಾರಾವಾಹಿ ಬಂತು. ಬಾಯಲ್ಲಿ ಬಲ್ಬ್ ಇಟ್ಟು ಬೆಳಗಿಸುವ ಬೋಳುತಲೆಯ ಅಂಕಲ್ ಫೆಸ್ಟರ್ ಆಗಿ ಮತ್ತೆ ಮನೆಮಾತಾದರು. ಇವರೇ ಆ 'ಕಿಡ್' ಅಂತ ಹೊಸ ಪೀಳಿಗೆಯ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. 1984ರ ಮಾರ್ಚ್ 1ರಂದು ತೀರಿಕೊಂಡಾಗ ವಯಸ್ಸು 69.

ಹಳೇ ಕಾಯ್ದೆಯಲ್ಲಿ ತೂತುಗಳಿದ್ದವು. 2000ದಲ್ಲಿ ಅದನ್ನು ಬಿಗಿ ಮಾಡಿದರು. ಈಗ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ದುಡಿಮೆ ಮಗುವಿನದ್ದೇ ಆಸ್ತಿ. ಸಂಬಳದ ಶೇ. 15ರಷ್ಟನ್ನು ಕೆಲಸ ಕೊಟ್ಟವರು ನೇರ ಬ್ಯಾಂಕಿಗೆ ಕಟ್ಟಬೇಕು, ಮಗು ದೊಡ್ಡದಾಗುವವರೆಗೆ ಹೆತ್ತವರೂ ತೆಗೆಯುವಂತಿಲ್ಲ. ಆ ಖಾತೆಗೆ ಅಲ್ಲಿನ ಬ್ಯಾಂಕಿನವರು ಹೇಳೋದು 'ಕೂಗನ್ ಅಕೌಂಟ್' ಅಂತ.