ಡಬ್ಬಿಯ ಮೇಲಿನ ಮಾತನ್ನು ಪರೀಕ್ಷೆಗೆ ಹಚ್ಚಿದ ಹಾರ್ವಿ ವೈಲಿ

ಜೇನುತುಪ್ಪವನ್ನು ನೀರಿಗೆ ಹಾಕಿ, ತಳಕ್ಕೆ ಹೋದರೆ ಅಸಲಿ, ಕರಗಿದರೆ ನಕಲಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಟ್ಟಿ ಸಕ್ಕರೆ ಪಾಕವೂ ತಳಕ್ಕೇ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅದರ ಹಿಂದಿರುವ ಅನುಮಾನ ನ್ಯಾಯವಾದದ್ದೇ. ದುಡ್ಡು ಕೊಟ್ಟು ತಂದ ಡಬ್ಬಿಯಲ್ಲಿ ನಿಜಕ್ಕೂ ಏನಿದೆ? ಈ ಪ್ರಶ್ನೆಗೆ ಅಮೆರಿಕದಲ್ಲಿ ಕಾನೂನಿನ ಬಲ ತಂದವರಲ್ಲಿ ಮುಖ್ಯರು ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ. ವಿಚಿತ್ರವೆಂದರೆ, ಜೇನುತುಪ್ಪದ ಬಗ್ಗೆ ಒಂದು ಸುಳ್ಳು ಹಬ್ಬಲು ಕಾರಣರಾದವರೂ ಅವರೇ!

ಜೇನುಗೂಡಿನ ಕಟ್ಟುಕತೆ

ವೈಲಿ ಹುಟ್ಟಿದ್ದು 1844ರಲ್ಲಿ, ಇಂಡಿಯಾನಾ ರಾಜ್ಯದ ರೈತ ಕುಟುಂಬದಲ್ಲಿ. ವೈದ್ಯಕೀಯ ಓದಿದರೂ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದರು. ಸಕ್ಕರೆ ಮತ್ತು ಪಾಕಗಳಿಗೆ ಗ್ಲೂಕೋಸ್ ಬೆರೆಸುವುದನ್ನು ಪತ್ತೆ ಹಚ್ಚುವ ಕೆಲಸದಲ್ಲಿ ಹೆಸರು ಮಾಡಿದರು.

1881ರ ಲೇಖನವೊಂದರಲ್ಲಿ ಅವರು, ಪ್ಯಾರಾಫಿನ್ ಮೇಣದಿಂದ ಯಂತ್ರದಲ್ಲಿ ಜೇನುಗೂಡು ಮಾಡಿ ಅದಕ್ಕೆ ಗ್ಲೂಕೋಸ್ ತುಂಬಿ ಮಾರುತ್ತಾರೆ ಎಂದು ಬರೆದರು. ಸುದ್ದಿ ಪತ್ರಿಕೆಯಿಂದ ಪತ್ರಿಕೆಗೆ ಹಬ್ಬಿತು. ಪ್ರಾಮಾಣಿಕವಾಗಿ ಜೇನು ಸಾಕುತ್ತಿದ್ದವರು ಸಿಟ್ಟಾದರು. ಜೇನು ಉದ್ಯಮಿ ಎ. ಐ. ರೂಟ್, ಅಂಥ ನಕಲಿ ಗೂಡಿಗೆ ಸಾಕ್ಷಿ ತಂದವರಿಗೆ 1,000 ಡಾಲರ್ ಬಹುಮಾನ ಘೋಷಿಸಿದರು. ಅದನ್ನು ಯಾರೂ ಗೆಲ್ಲಲಿಲ್ಲ. ವರ್ಷಗಳ ನಂತರ ವೈಲಿ, ಅದು ತಮಾಷೆಗೆ ಬರೆದದ್ದು ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಸುಳ್ಳು ದೇಶವೆಲ್ಲ ಸುತ್ತಿ ಬಂದಿತ್ತು.

ವಿಷ ತಿಂದ ಯುವಕರು

1883ರಲ್ಲಿ ವೈಲಿ ಅಮೆರಿಕದ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು. ಆಗ ಹಾಲು ಕೆಡದಂತೆ ಫಾರ್ಮಾಲ್ಡಿಹೈಡ್, ಮಾಂಸ ಮತ್ತು ಬೆಣ್ಣೆಗೆ ಬೋರಾಕ್ಸ್ ಬೆರೆಸುತ್ತಿದ್ದರು. ಅಳುವ ಮಗುವಿಗೆ ಕೊಡುವ ಸಿರಪ್‌ನಲ್ಲಿ ಮಾರ್ಫಿನ್ ಇರುತ್ತಿತ್ತು. ಇದನ್ನೆಲ್ಲ ಲೇಬಲ್ ಮೇಲೆ ಹೇಳಬೇಕೆಂಬ ದೇಶವ್ಯಾಪಿ ನಿಯಮ ಇರಲಿಲ್ಲ. ತಡೆಯುವ ಮಸೂದೆಗಳು ಸಂಸತ್ತಿನಲ್ಲಿ ಮತ್ತೆ ಮತ್ತೆ ಬಿದ್ದುಹೋದವು.

1902ರಲ್ಲಿ ವೈಲಿ ಹನ್ನೆರಡು ಮಂದಿ ಆರೋಗ್ಯವಂತ ಯುವಕರನ್ನು ಒಪ್ಪಿಸಿ, ವಾಷಿಂಗ್ಟನ್‌ನ ಕಚೇರಿಯ ನೆಲಮಾಳಿಗೆಯಲ್ಲಿ ಊಟಕ್ಕೆ ಕೂರಿಸಿದರು. ಊಟ ಪುಕ್ಕಟೆ, ಆದರೆ ಅದರೊಂದಿಗೆ ಬೋರಾಕ್ಸ್ ಸೇವಿಸಬೇಕು. ತೂಕ, ನಾಡಿ, ಮಲಮೂತ್ರ ಎಲ್ಲವೂ ದಾಖಲಾಯಿತು. ಕೆಲವರಿಗೆ ಹಸಿವು ಸತ್ತಿತು, ತಲೆನೋವು, ಹೊಟ್ಟೆನೋವು ಕಾಣಿಸಿತು. ಮುಂದಿನ ವರ್ಷಗಳಲ್ಲಿ ಬೇರೆ ರಾಸಾಯನಿಕಗಳ ಸರದಿ ಬಂತು. ಪತ್ರಿಕೆಗಳು ಈ ತಂಡವನ್ನು ವಿಷಪಡೆ ಎಂದು ಕರೆದವು.

ಇಂದಿನ ಲೆಕ್ಕದಲ್ಲಿ ಆ ಪ್ರಯೋಗದಲ್ಲಿ ಕೊರತೆಗಳಿವೆ. ಜನ ಕಡಿಮೆ, ಹೋಲಿಸಲು ಪ್ರತ್ಯೇಕ ಗುಂಪಿಲ್ಲ. ಆದರೂ 1881ರ ಲೇಖನಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಯಾರು ಬೇಕಾದರೂ ಓದಿ ಪ್ರಶ್ನಿಸಬಹುದಾದ ಅಂಕಿ ಅಂಶಗಳಿದ್ದವು.

ಲೇಬಲ್‌ಗೆ ಬಂದ ಬೆಲೆ

ವೈಲಿಯವರ ಜೊತೆ ಮಹಿಳಾ ಸಂಘಗಳೂ ಪತ್ರಕರ್ತರೂ ದನಿಗೂಡಿಸಿದರು. 1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. ಲೇಬಲ್‌ನಲ್ಲಿ ಸುಳ್ಳು ಹೇಳುವುದು ಅಪರಾಧವಾಯಿತು. ಔಷಧದಲ್ಲಿ ಮದ್ಯಸಾರ, ಅಫೀಮು, ಕೊಕೇನ್ ಇದ್ದರೆ ತಿಳಿಸಲೇಬೇಕಾಯಿತು. ಆದರೆ ರೋಗ ವಾಸಿಮಾಡುತ್ತೇವೆಂಬ ಪೊಳ್ಳು ಭರವಸೆ ಈ ಕಾಯ್ದೆಗೆ ಸಿಗುವುದಿಲ್ಲ ಎಂದು 1911ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ತಿದ್ದುಪಡಿ ತರಬೇಕಾಯಿತು.

ಇಲಾಖೆಯೊಳಗಿನ ಜಗಳಗಳಿಂದ ಬೇಸತ್ತು ವೈಲಿ 1912ರಲ್ಲಿ ರಾಜೀನಾಮೆ ಕೊಟ್ಟರು. ಗುಡ್ ಹೌಸ್‌ಕೀಪಿಂಗ್ ಪತ್ರಿಕೆ ಸೇರಿ, ಮನೆಬಳಕೆಯ ವಸ್ತುಗಳನ್ನು ಪರೀಕ್ಷಿಸಿ ಗೃಹಿಣಿಯರಿಗಾಗಿ ಬರೆದರು. 1930ರ ಜೂನ್ 30ರಂದು, ಕಾಯ್ದೆಗೆ ಸಹಿ ಬಿದ್ದು ಸರಿಯಾಗಿ 24 ವರ್ಷವಾದ ದಿನ, ತೀರಿಕೊಂಡರು.

ಆ ಕಾಯ್ದೆಗೆ ನೂರು ವರ್ಷವಾದಾಗ, 2006ರಲ್ಲಿ ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ನಮ್ಮ ಪ್ಯಾಕೆಟ್‌ಗಳ ಮೇಲೂ ಈಗ ಪದಾರ್ಥಗಳ ಪಟ್ಟಿ ಇರುತ್ತದೆ. ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆಯದು ಕೊನೆಗೆ. ಮುಂಭಾಗದಲ್ಲಿ ಹಣ್ಣಿನ ಚಿತ್ರ ಇದ್ದು, ಹಿಂಭಾಗದ ಪಟ್ಟಿಯಲ್ಲಿ ಸಕ್ಕರೆ ಮೊದಲಿದ್ದರೆ, ನಾವು ಹಿಂಭಾಗವನ್ನೇ ನಂಬೋಣ. ಫಾರ್ವರ್ಡ್‌ಗಳಿಗೂ ಇದೇ ಲೆಕ್ಕ. ಕಳಿಸಿದವರು ವೈಲಿಯಂಥ ವಿದ್ವಾಂಸರೇ ಆಗಿರಲಿ, ಮುಂದಕ್ಕೆ ಕಳಿಸುವ ಮೊದಲು ಸಾಕ್ಷಿ ಎಲ್ಲಿದೆ ಎಂದು ಕೇಳೋಣ.