ಸಾವು ಬಂದು ಹೋದ ಮನೆಯಲ್ಲಿ ಉಳಿಯುವ ಭಯ: ಮೆಡೋಸ್ ಟೇಲರ್ ಅವರ ಬದುಕು

ಮರಣ ಸಂಭವಿಸಿದ ಮನೆಗೆ ಸಾಂತ್ವನ ಹೇಳಲು ಹೋಗುವ ಧರ್ಮಗುರುಗಳಿಗೂ ಧರ್ಮಭಗಿನಿಯರಿಗೂ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಂತ್ಯಕ್ರಿಯೆ ಮುಗಿದು, ತಿಂಗಳ ಪೂಜೆಯೂ ಕಳೆದು, ನೆಂಟರಿಷ್ಟರು ತಮ್ಮ ತಮ್ಮ ಊರಿಗೆ ಮರಳಿದ ಮೇಲೆ, ಉಳಿದವರಲ್ಲಿ ಯಾರಾದರೊಬ್ಬರನ್ನು ಹೊಸ ಭಯವೊಂದು ಹಿಡಿಯುತ್ತದೆ. ಎದೆಯಲ್ಲಿ ಸ್ವಲ್ಪ ಚುಚ್ಚಿದರೆ ಅಪ್ಪನಿಗೆ ಬಂದದ್ದೇ ತನಗೂ ಬಂತೆಂಬ ಆತಂಕ. ಇಸಿಜಿ ಸರಿಯಾಗಿದೆ ಎಂದು ವೈದ್ಯರು ಹೇಳಿದರೆ ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ ಸಂಶಯ. ಅಂಥವರನ್ನು ಕಂಡಾಗ ನಮಗೆ ನೆನಪಾಗುವುದು ರಾಯಚೂರು ಸೀಮೆಯಲ್ಲಿ ಬಹುಕಾಲ ಬದುಕಿದ ಒಬ್ಬ ವ್ಯಕ್ತಿ, ಫಿಲಿಪ್ ಮೆಡೋಸ್ ಟೇಲರ್.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಿಲಾಶಾಸನ ಪತ್ತೆಯಾದದ್ದು ಇಲ್ಲಿಯೇ. ಮುಂದೆ ಲಿಂಗಸುಗೂರಿನಲ್ಲಿ 19ನೆಯ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಠಾಣ್ಯವಿತ್ತು. ಅಲ್ಲಿಂದ ಕೃಷ್ಣಾ ನದಿಯನ್ನು ದಾಟಿದರೆ ಬೇಡ ನಾಯಕರ ಸುರಪುರ. ಟೇಲರ್ ಅವರ ಜೀವನದ ಅತಿ ಮುಖ್ಯ ವರ್ಷಗಳು ಕಳೆದದ್ದು ಈ ಪ್ರದೇಶದಲ್ಲಿ.

ಅವರು ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಇನ್ನೂ ಹುಡುಗನಾಗಿರುವಾಗಲೇ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಹಡಗು ಹತ್ತಿದರು. ಆ ವ್ಯಾಪಾರ ನಂಬಿದಂತಿರಲಿಲ್ಲ. ಬಂಧುವೊಬ್ಬರ ನೆರವಿನಿಂದ ನಿಜಾಮರ ಸೇನೆ ಸೇರಿದರು. ದೇಶಭಾಷೆಗಳನ್ನು ಕಲಿತು ಜನರೊಡನೆ ಬೆರೆತರು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಜ್ವರ ಅವರನ್ನು ಯೌವನದಲ್ಲಿಯೇ ಕಾಡತೊಡಗಿತ್ತು. ಆರೋಗ್ಯ ಸುಧಾರಿಸಿಕೊಳ್ಳಲು ರಜೆಯ ಮೇಲೆ ಊರಿಗೆ ಹೋದಾಗ, ಠಕ್ಕರ ಕುರಿತ ಅವರ ಪ್ರಸಿದ್ಧ ಕಾದಂಬರಿ 1839ರಲ್ಲಿ ಪ್ರಕಟವಾಯಿತು.

1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಅವರ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ವ್ಯವಹಾರ ನೋಡಿಕೊಳ್ಳಲು ಟೇಲರ್ ಅವರನ್ನು ಕಳಿಸಲಾಯಿತು. ತಂದೆಯಿಲ್ಲದ ಆ ಹುಡುಗ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದ.

ಎಳೆಯ ಮಕ್ಕಳ ಸಾವನ್ನು ಈ ಮೊದಲೇ ಕಂಡಿದ್ದ ಟೇಲರ್ ಅವರನ್ನು 1844ರಲ್ಲಿ ಪತ್ನಿ ಮೇರಿಯೂ ಅಗಲಿದರು. ಉಳಿದ ಇಬ್ಬರು ಹೆಣ್ಣುಮಕ್ಕಳು, ಆಲಿಸ್ ಮತ್ತು ಏಮಿ, ಸಮುದ್ರದಾಚೆ ಬಂಧುಗಳ ಆಸರೆಯಲ್ಲಿ ಬೆಳೆದರು. ಅವರಿಗಾಗ ಇನ್ನೂ ಮೂವತ್ತೈದರ ಆಸುಪಾಸು. ಮನೆಯಲ್ಲಿ ಮಾತನಾಡಿಸುವವರಿಲ್ಲ, ಪದೇ ಪದೇ ಬರುವ ಜ್ವರ, ಕ್ವಿನೈನ್ ಬಿಟ್ಟರೆ ಹೆಚ್ಚಿನ ಔಷಧಿಯಿಲ್ಲದ ಕಾಲ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ಗೊತ್ತಾದದ್ದೇ 1897ರಲ್ಲಿ. ಇಂಥ ಸ್ಥಿತಿಯಲ್ಲಿ ಪ್ರತಿಯೊಂದು ಚಳಿಜ್ವರವೂ ಸಾವಿನ ಕರೆಯಂತೆ ತೋರಿದರೆ ತಪ್ಪೆನ್ನಲು ಯಾರಿಗೆ ಸಾಧ್ಯ?

ಅವರು ಊರಿಗೆ ಓಡಲಿಲ್ಲ. ಕಾಯಿಲೆ ಬಿದ್ದಾಗ ಮಲಗಿದರು, ಚಿಕಿತ್ಸೆ ಪಡೆದರು, ಎದ್ದ ಮೇಲೆ ಕೆಲಸಕ್ಕೆ ಹೋದರು. ಕಂದಾಯದ ಲೆಕ್ಕ ಸರಿಪಡಿಸಿದರು. ಬೋನಾಳ ಕೆರೆಯ ಕೆಲಸಕ್ಕೆ ಮುತುವರ್ಜಿ ವಹಿಸಿದರು. ರಾಜನ್ ಕೋಳೂರಿನಂಥ ಊರುಗಳಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು, ಅಳೆದು, ಚಿತ್ರ ಬರೆದು ವಿದ್ವತ್ ಪತ್ರಿಕೆಗಳಿಗೆ ಕಳಿಸಿದರು. ದಕ್ಷಿಣ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಮನೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಪತ್ನಿಯ ನೆನಪು ಮರೆಯಾಯಿತೆಂದಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮಾಡಬೇಕಾದದ್ದು ಏನಾದರೊಂದು ಅವರ ಮುಂದೆ ಇದ್ದೇ ಇರುತ್ತಿತ್ತು, ಮತ್ತು ಅದು ಬೇರೆಯವರಿಗೆ ಬೇಕಾದ ಕೆಲಸವಾಗಿರುತ್ತಿತ್ತು.

ಅದೇ ಊರಿನ ಅರಮನೆಯಲ್ಲಿ ಇನ್ನೊಂದು ಬಗೆಯ ಭಯ ಮನೆಮಾಡಿತ್ತು. ಬಾಲರಾಜನು ತನ್ನ 24ನೆಯ ವರ್ಷದಲ್ಲಿ ಸಾಯುತ್ತಾನೆಂದು ಜಾತಕದಲ್ಲಿ ಬರೆದಿತ್ತೆಂದೂ ಆ ಗುಟ್ಟು ಕೆಲವೇ ಮಂದಿಗೆ ಗೊತ್ತಿತ್ತೆಂದೂ ಟೇಲರ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಹೋರಾಡಿ ಸೆರೆಯಾದರು. ಸೆರೆಮನೆಯಲ್ಲಿ ಟೇಲರ್ ಅವರನ್ನು ಕಂಡು ಬಂದರು. ಅದೇ ವರ್ಷ ಕಾವಲಿನಲ್ಲಿ ಪ್ರಯಾಣ ಮಾಡುತ್ತಿರುವಾಗ ರಾಜರು ಪಿಸ್ತೂಲಿನ ಗುಂಡಿನಿಂದ ಅಸುನೀಗಿದರು. ಜಾತಕ ಸುಳ್ಳಾಗಲಿಲ್ಲವೆಂದು ಅಂದು ಹೇಳಿದವರುಂಟು. ಆದರೆ ರಾಜರ ಪ್ರಾಣ ಹೋದದ್ದು ಯುದ್ಧ ಮತ್ತು ಸೆರೆಯಿಂದ, ಬರಹದಿಂದಲ್ಲ. ಆ ಬರಹ ಮಾಡಿದ ಕೆಲಸ ಬೇರೆ: ಹುಡುಗನನ್ನು ಪ್ರೀತಿಸುವವರ ಮನಸ್ಸಿನಲ್ಲಿ ಅದು ಎಷ್ಟೋ ವರ್ಷ ಮುಂಚೆಯೇ ಸಾವನ್ನು ತಂದು ಕೂರಿಸಿತು. ನಮ್ಮ ಮನೆಗಳಲ್ಲಿಯೂ ಅಪ್ಪ ಐವತ್ತಕ್ಕೆ ಹೋದರು, ನನಗೂ ಅಷ್ಟೇ ಎಂದು ತಮಗೆ ತಾವೇ ಜಾತಕ ಬರೆದುಕೊಂಡವರು ಇದ್ದಾರೆ.

ರಾಜರ ನಂತರ ಸುರಪುರದ ಜೊತೆಗೆ ಲಿಂಗಸುಗೂರು ಸೇರಿದ ಪಶ್ಚಿಮ ರಾಯಚೂರು ದೋಆಬದ ಹೊಣೆಯೂ ಟೇಲರ್ ಅವರಿಗೆ ಬಂತು. 1860ರಲ್ಲಿ ದೇಹ ಸೋತು ತಾಯ್ನಾಡಿಗೆ ಮರಳಿದರು. ಅಲ್ಲಿ ಯೋಚಿಸುವ ಶಕ್ತಿಯೇ ಕುಂದಿತು, ನೆನಪು ಕೈಕೊಟ್ಟಿತು. ಕೆಲಸವೊಂದೇ ಮದ್ದೆಂದು ನಾವು ಹೇಳಲಾಗದು. ಇಪ್ಪತ್ತು ವರ್ಷ ಬಿಡುವಿಲ್ಲದೆ ದುಡಿದುದರ ಬೆಲೆಯನ್ನೂ ಅವರು ತೆತ್ತರು. ವಿಶ್ರಾಂತಿಯಿಂದ ನಿಧಾನವಾಗಿ ಚೇತರಿಸಿಕೊಂಡು 1863ರಲ್ಲಿ ತಾರಾ ಎಂಬ ಕಾದಂಬರಿ ಪ್ರಕಟಿಸಿದರು. ಮತ್ತೆ ಹಲವು ಕೃತಿಗಳು ಬಂದವು. ಕೊನೆಯ ಕಾದಂಬರಿ ಚಾಂದ್‌ಬೀಬಿಯ ಕುರಿತದ್ದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಹಳೆಯ ಕ್ರೈಸ್ತ ಸಮುದಾಯವೂ ಅದರಲ್ಲಿ ಬರುತ್ತದೆಂಬುದು ನಮ್ಮ ಓದುಗರಿಗೆ ಸಂತೋಷದ ವಿಷಯ. ದೃಷ್ಟಿ ಮಂದವಾಗಿದ್ದರೂ 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದರು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡರು. ಮಗಳು ಆಲಿಸ್ ಮರುವರ್ಷ ತಂದೆಯ ಆತ್ಮಕಥೆಯನ್ನು ಹೊರತಂದರು.

ಪತ್ನಿಯ ಸಾವಿನ ನಂತರ ಅವರು ಬದುಕಿದ್ದು 32 ವರ್ಷ. ರೋಗಗ್ರಸ್ತ ದೇಹದಲ್ಲಿಯೇ ಅಷ್ಟೂ ವರ್ಷ ಕಳೆದವು ಎಂಬುದನ್ನು ಭಯದಲ್ಲಿರುವವರು ಗಮನಿಸಬೇಕು.

ಅಂದು ಟೇಲರ್ ಅವರಿಗಿಲ್ಲದ ಅನುಕೂಲ ಇಂದು ನಮಗಿದೆ. ಹೊಸ ನೋವು ಕಂಡರೆ ಒಮ್ಮೆ ವೈದ್ಯರಿಗೆ ತೋರಿಸುವುದು ವಿವೇಕ. ಕುಟುಂಬದಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆಯಿದ್ದರೆ ವೈದ್ಯರು ಹೇಳಿದ ಕಾಲಕ್ಕೆ ತಪಾಸಣೆ ಅಗತ್ಯ. ಆದರೆ ವರದಿ ಸರಿಯಿದ್ದರೂ ವೈದ್ಯರಿಂದ ವೈದ್ಯರಿಗೆ ಅಲೆಯುವುದು, ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು ಭಯವನ್ನು ಬೆಳೆಸುತ್ತದೆ. ತಿಂಗಳುಗಟ್ಟಲೆ ಹೀಗೆಯೇ ಇದ್ದರೆ ಮನೋವೈದ್ಯರನ್ನು ಕಾಣಬೇಕು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ನಾಚಿಕೆ ಬೇಡ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಧರ್ಮಕೇಂದ್ರಗಳ ಕಾರ್ಯಕರ್ತರಲ್ಲಿ ನಮ್ಮ ವಿನಂತಿಯಿಷ್ಟೇ. ಮರಣದ ಮನೆಗೆ ಮೂರನೆಯ ತಿಂಗಳಿನಲ್ಲಿ, ಆರನೆಯ ತಿಂಗಳಿನಲ್ಲಿಯೂ ಹೋಗಿ ಬನ್ನಿ. ಅವರು ಹೇಳುವ ಎದೆನೋವನ್ನು ನಗೆಯಾಡಬೇಡಿ, ಕೇಳಿಸಿಕೊಳ್ಳಿ. ಬರುವಾಗ ಅವರಿಂದಾಗುವ ಚಿಕ್ಕ ಕೆಲಸವೊಂದನ್ನು ಅವರಿಗೆ ಒಪ್ಪಿಸಿ ಬನ್ನಿ.