ಓಟಗಾರರ ಪಾದ ಕಾಯ್ದ ಓನಿತ್ಸುಕಾ

ಮಕ್ಕಳೇ, ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಅಂಗಾಲಿನಲ್ಲಿ ಬೊಬ್ಬೆ ಎದ್ದ ಅನುಭವ ನಿಮಗಿದೆಯೇ? ದೊಡ್ಡಬಳ್ಳಾಪುರವಾಗಲಿ ದೇವನಹಳ್ಳಿಯಾಗಲಿ, ಕಾದ ನೆಲ ಎಲ್ಲ ಕಡೆಯೂ ಒಂದೇ. ಈ ಬೊಬ್ಬೆಗೆ ಪರಿಹಾರ ಹುಡುಕಿದ ಒಬ್ಬರ ಕಥೆ ಕೇಳಿ.

ಅವರ ಹೆಸರು ಕಿಹಾಚಿರೋ ಓನಿತ್ಸುಕಾ. ಜನನ 1918ರಲ್ಲಿ, ಜಪಾನಿನ ತೊತ್ತೋರಿ ಪ್ರಾಂತ್ಯದಲ್ಲಿ. ಎರಡನೇ ಮಹಾಯುದ್ಧದ ಸಮಯದಲ್ಲಿ ಅವರು ಸೈನ್ಯದಲ್ಲಿದ್ದರು. ವೃದ್ಧ ದಂಪತಿಗಳಿಬ್ಬರನ್ನು ನೋಡಿಕೊಳ್ಳುವುದಾಗಿ ಗೆಳೆಯನೊಬ್ಬನಿಗೆ ಮಾತು ಕೊಟ್ಟಿದ್ದರು. ಆ ಗೆಳೆಯ ಯುದ್ಧದಲ್ಲಿ ತೀರಿಹೋದ. ಕೊಟ್ಟ ಮಾತಿನಂತೆ ಅವರು ಕೋಬೆ ನಗರಕ್ಕೆ ಬಂದು, ಆ ದಂಪತಿಗಳಿಗೆ ದತ್ತುಮಗನಾದರು. ಓನಿತ್ಸುಕಾ ಎಂಬ ಹೆಸರು ಬಂದದ್ದು ಹಾಗೆ.

ಬಾಂಬ್ ದಾಳಿಗೆ ಸಿಕ್ಕಿ ಕೋಬೆ ಹಾಳಾಗಿತ್ತು. ಎಷ್ಟೋ ಮಕ್ಕಳು ದಿಕ್ಕಿಲ್ಲದೆ ಬೀದಿ ಪಾಲಾಗಿದ್ದರು. ಆಟ ಅವರನ್ನು ದಾರಿಗೆ ತರಬಲ್ಲದು ಎಂದು ಓನಿತ್ಸುಕಾ ನಂಬಿದರು. ಆಟಕ್ಕೆ ಒಳ್ಳೆಯ ಶೂ ಬೇಕಲ್ಲವೇ? 1949ರಲ್ಲಿ ಅವರು ಚಿಕ್ಕ ಕಂಪನಿಯೊಂದನ್ನು ತೆರೆದರು.

ಮೊದಲು ಮಾಡಿದ್ದು ಬ್ಯಾಸ್ಕೆಟ್‌ಬಾಲ್ ಶೂ. ಆದರೆ ಅದು ಆಟಗಾರರಿಗೆ ಹಿಡಿಸಲಿಲ್ಲ. ಓನಿತ್ಸುಕಾ ಬೇಸರಪಡಲಿಲ್ಲ. ಆಟದ ಅಂಗಳಕ್ಕೇ ಹೋಗಿ, ಆಟಗಾರರು ಹೇಗೆ ಓಡುತ್ತಾರೆ, ಹೇಗೆ ತಟ್ಟನೆ ನಿಲ್ಲುತ್ತಾರೆ ಎಂದು ಗಮನಿಸಿದರು. ಕಾಲು ಜಾರದಂತೆ ಮಾಡುವುದು ಹೇಗೆ ಎಂಬುದೇ ಅವರ ಚಿಂತೆ.

1951ರ ಬೇಸಿಗೆಯಲ್ಲಿ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿ ಆಕ್ಟೋಪಸ್ ತುಂಡುಗಳಿದ್ದವು. ಅದರ ತೋಳಿನ ಪುಟ್ಟ ಬಟ್ಟಲುಗಳ ಮೇಲೆ ಅವರ ಕಣ್ಣು ಬಿತ್ತು. ಬಟ್ಟಲು ಅಂಟಿಕೊಂಡಾಗ ಅದರೊಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಒತ್ತಡ ಅದನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಶೂವಿನ ತಳಕ್ಕೂ ಅಂಥ ಕುಳಿಗಳನ್ನು ಮಾಡಿಸಿದರು. ಮೊದಲ ಶೂ ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಆಟಗಾರರು ಮುಗ್ಗರಿಸಿದರು! ಕುಳಿಗಳ ಆಳ ಕಡಿಮೆ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ಮುಂದಿನ ಸವಾಲು ಮ್ಯಾರಥಾನ್ ಓಟಗಾರರ ಬೊಬ್ಬೆ. 42 ಕಿಲೋಮೀಟರಿಗೂ ಹೆಚ್ಚು ದೂರ ಓಡುವಾಗ ಪಾದ ಉಜ್ಜುತ್ತದೆ, ಬಿಸಿಯಾಗುತ್ತದೆ, ಬೆವರುತ್ತದೆ. ಓನಿತ್ಸುಕಾ ವೈದ್ಯಕೀಯ ಪ್ರಾಧ್ಯಾಪಕರನ್ನು ವಿಚಾರಿಸಿದರು. ಎಂಜಿನ್‌ಗಳನ್ನು ತಂಪಾಗಿಸುವ ಬಗೆಯನ್ನು ನೋಡಿದರು. ಪಾದಕ್ಕೂ ಗಾಳಿ ಆಡಿದರೆ ಸಾಕಲ್ಲ ಎಂದು ಹೊಳೆಯಿತು. ಶೂವಿನಲ್ಲಿ ರಂಧ್ರಗಳನ್ನು ಇಟ್ಟರು. ಕಾಲು ಊರಿದಾಗ ಬಿಸಿ ಗಾಳಿ ಹೊರಗೆ, ಎತ್ತಿದಾಗ ತಂಪು ಗಾಳಿ ಒಳಗೆ!

ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಓಡಿ ಮ್ಯಾರಥಾನ್ ಚಿನ್ನ ಗೆದ್ದವರು. ಮರುವರ್ಷ ಅವರು ಜಪಾನಿಗೆ ಬಂದಾಗ ಓನಿತ್ಸುಕಾ ಹೋಗಿ ಭೇಟಿಯಾದರು. ಶೂ ತೊಡಲು ಒಪ್ಪಿಸಿದರು. ಆ ಶೂ ತೊಟ್ಟೇ ಬಿಕಿಲ ಅಲ್ಲಿನ ಓಟ ಗೆದ್ದರು.

1977ರಲ್ಲಿ ಇನ್ನೆರಡು ಕಂಪನಿಗಳು ಜೊತೆ ಸೇರಿ ‘ಆಸಿಕ್ಸ್’ ಹುಟ್ಟಿತು. ಆರೋಗ್ಯವಂತ ದೇಹದಲ್ಲಿ ಆರೋಗ್ಯವಂತ ಮನಸ್ಸು ಎಂಬರ್ಥದ ಲ್ಯಾಟಿನ್ ಪದಗಳ ಮೊದಲ ಅಕ್ಷರಗಳೇ ಈ ಹೆಸರು. 2007ರಲ್ಲಿ, 89ನೆಯ ವಯಸ್ಸಿನಲ್ಲಿ ಓನಿತ್ಸುಕಾ ತೀರಿಕೊಂಡರು.

ಮಾಡಿ ನೋಡಿ: ಗೋಡೆಗೆ ಅಂಟಿಸುವ ರಬ್ಬರ್ ಬಟ್ಟಲಿನ ಕೊಕ್ಕೆಯೊಂದನ್ನು ತನ್ನಿ. ಅದನ್ನು ಮೊದಲು ನುಣುಪಾದ ಗಾಜಿಗೆ, ಆಮೇಲೆ ಒರಟು ಗೋಡೆಗೆ ಒತ್ತಿ. ಎಲ್ಲಿ ನಿಂತಿತು, ಎಲ್ಲಿ ಬಿತ್ತು? ಏಕೆ? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಗುರುಗಳಿಗೆ ತಿಳಿಸಿ.